ಕ್ರೋನ್ಸ್‌ಗೆ ಯಾವ ಔಷಧಿ, ಯಾವ ಊಟ? ಯಾವುದು ಯಾವ ಕೆಲಸಕ್ಕೆ ಅಂತ ತಿಳ್ಕೊಂಡು ಆರಿಸ್ಕೊಳ್ಳಿ

ಕ್ರೋನ್ಸ್, ಅಂದ್ರೆ ಕರುಳಲ್ಲಿ ಉರಿಯೂತವಾಗಿ ಮತ್ತೆ ಮತ್ತೆ ಕೆರಳೋ ದೀರ್ಘಕಾಲದ ಕಾಯಿಲೆ, ಇದೆ ಅಂತ ಡಾಕ್ಟರ್ ಹೇಳಿದ ದಿನ ಕೈಗೆ ಒಂದು ಮಾತ್ರೆ ಚೀಟಿ ಬರುತ್ತೆ, ಮನೆಗೆ ಬಂದು ಕೂರೋಷ್ಟರಲ್ಲಿ ಹತ್ತು ಜನ ಹತ್ತು ಥರ ಪಥ್ಯ ಹೇಳಿರ್ತಾರೆ. ಹಾಲು ಬಿಟ್ಬಿಡು ಅಂತ ಒಬ್ರು, ಹಾಲು ಕುಡಿದ್ರೆ ಕರುಳು ತಂಪಾಗುತ್ತೆ ಅಂತ ಇನ್ನೊಬ್ರು, ಬದನೆಕಾಯಿ ನಂಜು ಅಂತ ಅತ್ತೆ, ನಾರಿನಂಶ ಜಾಸ್ತಿ ತಿನ್ನು ಅಂತ ಆಫೀಸಿನೋರು, ಸ್ಟೀರಾಯ್ಡ್ ಮಾತ್ರ ಮುಟ್ಬೇಡ ಅಂತ ಎಲ್ರೂ. ನನಗೆ ಈ ಕಾಯಿಲೆ ಬಂದು 9 ವರ್ಷ ಆಯ್ತು, ಇಷ್ಟು ದಿನದಲ್ಲಿ ಓದಿದ್ದು, ಡಾಕ್ಟರ್ ಹತ್ರ ಕೇಳಿ ತಿಳ್ಕೊಂಡಿದ್ದು, ಮೈಮೇಲೆ ಅನುಭವಿಸಿದ್ದು ಎಲ್ಲಾ ಸೇರಿಸಿ ಬರೀತಿದೀನಿ. ನಾನು ಡಾಕ್ಟರ್ ಅಲ್ಲ, ಡೋಸ್ ನಿಮ್ಮ ಡಾಕ್ಟರೇ ಹೇಳ್ಬೇಕು, ಆದ್ರೆ ಅವ್ರ ಮುಂದೆ ಕೂತಾಗ ಏನು ಕೇಳ್ಬೇಕು ಅನ್ನೋದಾದ್ರೂ ಗೊತ್ತಿರ್ಲಿ ಅಂತ.

ನಾನು ಲೇಟಾಗಿ ಕಲಿತಿದ್ದನ್ನ ಮೊದಲೇ ಹೇಳ್ಬಿಡ್ತೀನಿ. ಔಷಧಿ ಆಗ್ಲಿ ಊಟ ಆಗ್ಲಿ, ಪ್ರತಿಯೊಂದೂ 3 ಕೆಲಸದಲ್ಲಿ ಒಂದನ್ನಾದ್ರೂ ಮಾಡುತ್ತೆ: ಕರುಳಲ್ಲಿ ಹತ್ತಿರೋ ಉರಿ (ಅಂದ್ರೆ ಉರಿಯೂತ) ಆರಿಸೋದು, ಆರಿದ ಉರಿ ಮತ್ತೆ ಹತ್ತದ ಹಾಗೆ ಕಾಯೋದು, ಇಲ್ಲಾಂದ್ರೆ ಬರೀ ನೋವು ಗ್ಯಾಸ್ ಭೇದಿ ಇಂಥ ತೊಂದರೆ ಕಡಿಮೆ ಮಾಡೋದು. ಒಂದರ ಕೆಲಸಾನ ಇನ್ನೊಂದರ ಮೇಲೆ ಹೊರಿಸಿದಾಗ್ಲೇ ಎಡವಟ್ಟಾಗೋದು. ನನಗೆ ಆಗಿದ್ದೂ ಅದೇ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಶುರು ಮಾಡಿದ ಎರಡನೇ ವಾರಕ್ಕೆ ಹೊಟ್ಟೆ ಹಗುರಾಯ್ತು, ಹಸಿವು ಬಂತು, ವಾಸಿಯಾಯ್ತು ಅಂದ್ಕೊಂಡು ಒಂದು ತಿಂಗಳಿಗೆ ನಾನೇ ಮಾತ್ರೆ ನಿಲ್ಲಿಸಿ ಮೊಸರನ್ನ ತಿನ್ಕೊಂಡು ಇದ್ಬಿಟ್ಟೆ, ಇನ್ನೊಂದು ತಿಂಗಳು ಕಳೆಯೋಷ್ಟರಲ್ಲಿ 8 ಕೆಜಿ ಇಳಿದು ಆಸ್ಪತ್ರೆ ಸೇರಿದ್ದೆ. ಉರಿ ಆರಿಸೋ ಔಷಧೀನ ಅರ್ಧಕ್ಕೆ ಬಿಟ್ಟು, ಕಾಯೋ ಕೆಲಸಾನ ಮೊಸರನ್ನಕ್ಕೆ ವಹಿಸಿದ್ದೆ, ಪಾಪ ಅದು ಏನು ಮಾಡುತ್ತೆ.

ಔಷಧಿ ಮಾತಿಗೆ ಮುಂಚೆ ನಮ್ಮ ದೇಶದಲ್ಲಿ ಇನ್ನೊಂದು ಇತ್ಯರ್ಥ ಆಗ್ಬೇಕು: ಇದು ಕ್ರೋನ್ಸಾ, ಕರುಳಿನ ಟಿಬಿನಾ? ಎರಡೂ ಸಣ್ಣ ಕರುಳಿನ ಕೊನೆ ಭಾಗಕ್ಕೇ ಹೆಚ್ಚು ಬರೋದು, ಎರಡರಲ್ಲೂ ಹುಣ್ಣು, ಜ್ವರ, ತೂಕ ಇಳಿಯೋದು, ಬಯಾಪ್ಸಿಲೂ ಎಷ್ಟೋ ಸಲ ಒಂದೇ ಥರ ಕಾಣುತ್ತೆ. ನನಗೂ ಮೊದಲು ಟಿಬಿ ಅಂತಲೇ 6 ತಿಂಗಳು ಮಾತ್ರೆ ಕೊಟ್ಟಿದ್ರು. ಆಗ ತುಂಬಾ ಸಿಟ್ಟಿತ್ತು, ಈಗ ಅರ್ಥ ಆಗುತ್ತೆ, ಯಾಕಂದ್ರೆ ಟಿಬಿ ಇರೋರಿಗೆ ಕ್ರೋನ್ಸ್ ಅಂತ ಸ್ಟೀರಾಯ್ಡ್ ಕೊಟ್ರೆ ಅದು ಮೈಯೆಲ್ಲಾ ಹರಡಬಹುದು, ಅದು ಇದಕ್ಕಿಂತ ದೊಡ್ಡ ತಪ್ಪು. ಆದ್ರೆ ಟಿಬಿ ಮಾತ್ರೆ ಶುರು ಮಾಡಿದ್ರೆ 2-3 ತಿಂಗಳಿಗೆ ಮತ್ತೆ ಕೊಲೊನೋಸ್ಕೋಪಿ (ಗುದದ ಮೂಲಕ ಕ್ಯಾಮೆರಾ ಹಾಕಿ ಕರುಳು ನೋಡೋ ಟೆಸ್ಟ್) ಮಾಡಿ ಹುಣ್ಣು ಮಾಯ್ತಿದೆಯಾ ಅಂತ ನೋಡ್ಬೇಕು, ಮಾಯದೇ ಇದ್ರೆ ಸುಮ್ನೆ ಪೂರ್ತಿ ಕೋರ್ಸ್ ಮುಗಿಸ್ಕೊಂಡು ಕೂರಬಾರ್ದು. ನನ್ನ ಕೇಸಲ್ಲಿ ಯಾರೂ ನೋಡ್ಲಿಲ್ಲ, ನನಗೆ ಕೇಳೋಕೂ ಗೊತ್ತಿರ್ಲಿಲ್ಲ. ನೀವು ಕೇಳಿ.

ಔಷಧಿಗಳು

ಮೆಸಲಮೀನ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ದೊಡ್ಡ ಕರುಳಿನ ಒಳಪದರಕ್ಕೆ ಬರೋ ಇದೇ ಥರದ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್‌ಗೆ ಒಳ್ಳೇ ಔಷಧಿ, ಕ್ರೋನ್ಸ್‌ಗೆ ಅಷ್ಟು ಕೆಲಸ ಮಾಡಲ್ಲ, ಯಾಕಂದ್ರೆ ಅದು ಕರುಳಿನ ಒಳಪದರದ ಮೇಲೆ ಮಾತ್ರ ಕೆಲಸ ಮಾಡೋದು, ಕ್ರೋನ್ಸ್ ಗೋಡೆಯ ಪೂರ್ತಿ ದಪ್ಪಕ್ಕೂ ಇಳಿದಿರುತ್ತೆ. ಹಾಗಿದ್ರೂ ವರ್ಷಗಟ್ಟಲೆ ಇದೊಂದನ್ನೇ ನುಂಗ್ತಿರೋರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಚೀಟಿಲಿ ಕ್ರೋನ್ಸ್‌ಗೆ ಅದೊಂದೇ ಇದ್ರೆ ಯಾಕೆ ಅಂತ ಕೇಳಿ.

ಸ್ಟೀರಾಯ್ಡಲ್ಲಿ ಮುಖ್ಯವಾಗಿ 2 ಆಯ್ಕೆ. ಪ್ರೆಡ್ನಿಸೊಲೋನ್, ಸಾಮಾನ್ಯವಾಗಿ ದಿನಕ್ಕೆ 40 ಎಂಜಿಯಿಂದ ಶುರು ಮಾಡಿ ವಾರವಾರ ಇಳಿಸ್ತಾ ಬರ್ತಾರೆ, ಬೇಗ ಕೆಲಸ ಮಾಡುತ್ತೆ ಆದ್ರೆ ಮುಖ ಊದೋದು, ನಿದ್ದೆ ಹಾರೋದು, ಸುಮ್ಸುಮ್ನೆ ಸಿಟ್ಟು, ಶುಗರ್ ಏರೋದು, ಮೂಳೆ ಸವೆಯೋದು ಎಲ್ಲಾ ಜೊತೇಲಿ ಬರುತ್ತೆ. ಇನ್ನೊಂದು ಬುಡೆಸೊನೈಡ್, ದಿನಕ್ಕೆ 9 ಎಂಜಿ, ಇದು ಕರುಳಲ್ಲಿ ಕೆಲಸ ಮಾಡಿ ರಕ್ತಕ್ಕೆ ಸೇರಿದ್ರಲ್ಲಿ ಹೆಚ್ಚು ಪಾಲನ್ನ ಲಿವರ್ರೇ ನಿಷ್ಕ್ರಿಯ ಮಾಡುತ್ತೆ, ಹಾಗಾಗಿ ಅಡ್ಡಪರಿಣಾಮ ಕಡಿಮೆ. ಕಾಯಿಲೆ ಸಣ್ಣ ಕರುಳಿನ ಕೊನೆ ಮತ್ತೆ ದೊಡ್ಡ ಕರುಳಿನ ಶುರುವಲ್ಲಿ ಮಾತ್ರ ಇದ್ದು ತೀರಾ ಜೋರಿಲ್ದೇ ಇದ್ರೆ ಬುಡೆಸೊನೈಡ್ ಸಾಕಾಗುತ್ತಾ ಅಂತ ಕೇಳ್ಬಹುದು, ಬೇರೆ ಕಡೆ ಇದ್ರೆ ಅಥವಾ ಜೋರಾಗಿದ್ರೆ ಪ್ರೆಡ್ನಿಸೊಲೋನೇ. ಎರಡೂ ಉರಿ ಆರಿಸೋಕೆ ಮಾತ್ರ, ಕಾಯೋ ಕೆಲಸ ಇವುಗಳದ್ದಲ್ಲ. ಪ್ರೆಡ್ನಿಸೊಲೋನ್ ಒಮ್ಮೆಲೇ ನಿಲ್ಲಿಸ್ಬೇಡಿ, ದೇಹ ತನ್ನ ಸ್ವಂತ ಸ್ಟೀರಾಯ್ಡ್ ಮಾಡೋದನ್ನ ನಿಲ್ಲಿಸಿರುತ್ತೆ, ದಿಢೀರಂತ ಬಿಟ್ರೆ ಬಿಪಿ ಕುಸಿದು ಜೀವಕ್ಕೇ ಅಪಾಯ. ಮತ್ತೆ ಪ್ರತೀ ಸಲ ಇಳಿಸುವಾಗ ಕಾಯಿಲೆ ವಾಪಸ್ ಬರ್ತಿದ್ರೆ, ಇಲ್ಲಾ ವರ್ಷಕ್ಕೆ ಎರಡು ಸಲ ಸ್ಟೀರಾಯ್ಡ್ ಬೇಕಾಗ್ತಿದ್ರೆ, ಕಾಯೋ ಔಷಧಿ ಸಾಲ್ತಿಲ್ಲ ಅಂತಲೇ ಅರ್ಥ.

ಕಾಯೋ ಔಷಧೀಲಿ ಹಳೇವು ಅಜಥಯೋಪ್ರಿನ್ ಮತ್ತೆ ಮೆಥೋಟ್ರೆಕ್ಸೇಟ್. ಅಜಥಯೋಪ್ರಿನ್ ದಿನಾ ನುಂಗೋ ಮಾತ್ರೆ, ಖರ್ಚು ಬಹಳ ಕಡಿಮೆ, ಆದ್ರೆ ಪರಿಣಾಮ ಕಾಣೋಕೆ 2-3 ತಿಂಗಳು ಹಿಡಿಯುತ್ತೆ, ಅಲ್ಲಿ ತನಕ ಸ್ಟೀರಾಯ್ಡೇ ಊರುಗೋಲು. ಇದರಲ್ಲಿ ಹೆದರ್ಬೇಕಾದ್ದು ಬಿಳಿ ರಕ್ತಕಣ ಕುಸಿಯೋದು. ಯಾರಿಗೆ ಹಾಗಾಗಬಹುದು ಅಂತ ಮೊದಲೇ ಹೇಳೋ ಜೀನ್ ಟೆಸ್ಟ್ ಇದೆ, ಬೇರೆ ದೇಶದೋರು ಟಿಪಿಎಂಟಿ ಬಗ್ಗೆ ಬರೀತಾರೆ, ನಮ್ಮವರಲ್ಲಿ ಎನ್‌ಯುಡಿಟಿ15 ಅನ್ನೋ ಜೀನಿನ ವ್ಯತ್ಯಾಸವೇ ಹೆಚ್ಚು ಸಿಗೋದು, ಹಾಗಾಗಿ ಟೆಸ್ಟ್ ಮಾಡಿಸಿದ್ರೆ ಎರಡೂ ಇರೋದನ್ನೇ ಮಾಡಿಸಿ. ಟೆಸ್ಟ್ ಮಾಡಿಸಿದ್ರೂ ಮೊದಲ ತಿಂಗಳುಗಳಲ್ಲಿ ಪದೇ ಪದೇ ಬ್ಲಡ್ ಕೌಂಟ್ ತಪ್ಪಿಸಬಾರ್ದು. ಶುರು ಮಾಡಿದ ಕೆಲವೇ ವಾರದಲ್ಲಿ ತಲೆಕೂದಲು ಗೊಂಚಲು ಗೊಂಚಲಾಗಿ ಕೈಗೆ ಬಂದ್ರೆ ಶಾಂಪೂ ಬದಲಾಯಿಸ್ತಾ ಕೂರಬೇಡಿ, ಅವತ್ತೇ ಕೌಂಟ್ ಮಾಡಿಸಿ. ಯೂರಿಕ್ ಆಸಿಡ್‌ಗೆ ಅಲೋಪ್ಯುರಿನಾಲ್ ಅಥವಾ ಫೆಬಕ್ಸೋಸ್ಟಾಟ್ ತಗೋತಿದ್ರೆ ಅದನ್ನ ಖಂಡಿತ ಹೇಳಿ, ಅಜಥಯೋಪ್ರಿನ್ ಜೊತೆ ಅದು ಸೇರಿದ್ರೆ ಅಪಾಯ. ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ಸಲ, ಹೆಚ್ಚಾಗಿ ಇಂಜೆಕ್ಷನ್, ಜೊತೆಗೆ ಫೋಲಿಕ್ ಆಸಿಡ್. ದಿನಾ ತಗೊಂಡ್ರೆ ಪ್ರಾಣಕ್ಕೇ ಸಂಚಕಾರ, ಅದಕ್ಕೇ ಕ್ಯಾಲೆಂಡರಲ್ಲಿ ಆ ದಿನಕ್ಕೆ ಸುತ್ತು ಹಾಕಿಡಿ. ಮಗು ಬೇಕು ಅಂತಿರೋ ಹೆಣ್ಣುಮಕ್ಕಳಿಗೆ ಮೆಥೋಟ್ರೆಕ್ಸೇಟ್ ಖಂಡಿತ ಬೇಡ, ಆದ್ರೆ ಅಜಥಯೋಪ್ರಿನ್ ಬಸುರಲ್ಲೂ ಮುಂದುವರಿಸ್ತಾರೆ. ಬಸುರಾದೆ ಅಂತ ಹೆದರಿ ಎಲ್ಲಾ ಔಷಧಿ ನಿಲ್ಲಿಸಿದ್ರೆ ಕಾಯಿಲೆ ಕೆರಳಿ ಮಗುವಿಗೆ ಆಗೋ ತೊಂದರೇನೇ ಹೆಚ್ಚು.

ಇನ್ನು ಬಯೋಲಾಜಿಕ್ಸ್, ಅಂದ್ರೆ ಜೀವಕೋಶಗಳಿಂದ ತಯಾರಿಸೋ, ಉರಿ ಆರಿಸೋದು ಕಾಯೋದು ಎರಡನ್ನೂ ಮಾಡೋ ಔಷಧಿಗಳು. ಜನ ಹೆಚ್ಚು ಗೊಂದಲ ಪಡೋದು ಇಲ್ಲೇ, ದುಡ್ಡಿನ ಮಾತೂ ಇಲ್ಲೇ ಬರೋದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಇನ್‌ಫ್ಲಿಕ್ಸಿಮ್ಯಾಬ್ ಎಲ್ಲಕ್ಕಿಂತ ಹಳೇದು, ಅಮೆರಿಕದಲ್ಲಿ ಕ್ರೋನ್ಸ್‌ಗೆ 1998ರಲ್ಲೇ ಒಪ್ಪಿಗೆ ಸಿಕ್ಕಿದೆ. ಆಸ್ಪತ್ರೇಲಿ ಡ್ರಿಪ್ ಹಾಕಿಸ್ಕೋಬೇಕು, ಮೊದಲನೇ ಡೋಸ್, ಅದಾದ 2 ವಾರಕ್ಕೆ, 6 ವಾರಕ್ಕೆ, ಆಮೇಲೆ 8 ವಾರಕ್ಕೊಂದು ಸಲ. ಡೋಸ್ ಕೆಜಿಗೆ 5 ಎಂಜಿ, ಅಂದ್ರೆ 60 ಕೆಜಿ ಇರೋರಿಗೆ 300 ಎಂಜಿ, 100 ಎಂಜಿಯ 3 ವೈಯಲ್ (ಸಣ್ಣ ಬಾಟ್ಲಿ). ಖರ್ಚು ಲೆಕ್ಕ ಹಾಕುವಾಗ ಒಂದು ವೈಯಲ್ ರೇಟು ಕೇಳಿ ಸಮಾಧಾನ ಪಡ್ಬೇಡಿ, ನಿಮ್ಮ ತೂಕಕ್ಕೆ ಎಷ್ಟು ವೈಯಲ್, ಮೊದಲ ವರ್ಷ ಎಷ್ಟು ಸಲ ಅಂತ ಗುಣಿಸಿ, ಅದರ ಮೇಲೆ ಡೇಕೇರ್ ಚಾರ್ಜ್ ಸೇರಿಸಿ. ಅಡಲಿಮ್ಯುಮ್ಯಾಬ್ ಮನೇಲೇ ಹಾಕ್ಕೊಳ್ಳೋ ಇಂಜೆಕ್ಷನ್, ಮೊದಲು 160 ಎಂಜಿ, 2 ವಾರಕ್ಕೆ 80, ಆಮೇಲೆ 2 ವಾರಕ್ಕೊಂದು 40. ಇದರ ಜಗತ್ತಿನ ಮೊದಲ ಬಯೋಸಿಮಿಲರ್ (ಮೂಲ ಬಯೋಲಾಜಿಕ್ ಥರವೇ ಬೇರೆ ಕಂಪನಿ ಮಾಡೋ ಔಷಧಿ) ಬಂದಿದ್ದು ನಮ್ಮ ದೇಶದಲ್ಲೇ, 2014ರ ಡಿಸೆಂಬರಲ್ಲಿ ಝೈಡಸ್‌ನೋರು ತಂದ್ರು. ಗುದದ ಹತ್ರ ಫಿಸ್ಟುಲಾ (ಕರುಳಿಂದ ಚರ್ಮಕ್ಕೆ ತೂತು ಬಿದ್ದು ಆಗೋ ದಾರಿ) ಇದ್ರೆ ಇನ್‌ಫ್ಲಿಕ್ಸಿಮ್ಯಾಬ್‌ಗೆ ಹೆಚ್ಚು ಆಧಾರ ಇದೆ, ಡಾಕ್ಟರು ಸಾಮಾನ್ಯವಾಗಿ ಅದನ್ನೇ ಮೊದಲು ಹೇಳ್ತಾರೆ. ಫಿಸ್ಟುಲಾ ಇಲ್ಲ, ಆಸ್ಪತ್ರೆ ದೂರ, ರಜೆ ಸಿಗಲ್ಲ ಅನ್ನೋರಿಗೆ ಅಡಲಿಮ್ಯುಮ್ಯಾಬ್ ಅನುಕೂಲ.

ಅನುಕೂಲ ಅಂದೆ, ಆದ್ರೆ ಅದಕ್ಕೂ ಒಂದು ಶಿಸ್ತು ಬೇಕು. ಈ ಇಂಜೆಕ್ಷನ್ 2ರಿಂದ 8 ಡಿಗ್ರೀಲಿ ಇರ್ಬೇಕು, ಗಟ್ಟಿಯಾಗಿ ಹೆಪ್ಪುಗಟ್ಟಬಾರ್ದು. ನಾನು ಹಬ್ಬಕ್ಕೆ ಬೆಂಗಳೂರಿಂದ ಹಾಸನದ ಹತ್ರ ನಮ್ಮೂರಿಗೆ ಹೋಗುವಾಗ ಸಣ್ಣ ಥರ್ಮಾಕೋಲ್ ಡಬ್ಬೀಲಿ ಐಸ್‌ಪ್ಯಾಕ್ ಇಟ್ಟು, ಅದರ ಮೇಲೆ ದಪ್ಪ ಟವೆಲ್ ಸುತ್ತಿ, ಇಂಜೆಕ್ಷನ್ ಪೆನ್ ನೇರ ಐಸಿಗೆ ತಾಗದಂಗೆ ಇಟ್ಕೊಂಡು ಬಸ್ಸಲ್ಲಿ ತೊಡೆ ಮೇಲೇ ಇಟ್ಕೊಂಡಿರ್ತೀನಿ. ಊರಲ್ಲಿ ಫ್ರಿಜ್ಜಿನ ಬಾಗಿಲಲ್ಲಿ ಇಡಲ್ಲ, ಫ್ರೀಜರ್ ಕೆಳಗಿನ ಮೊದಲ ತಟ್ಟೇಲೂ ಇಡಲ್ಲ, ನಡುವಿನ ತಟ್ಟೇಲಿ, ಅಮ್ಮನ ಹಿಟ್ಟಿನ ಪಾತ್ರೆ ಪಕ್ಕ. ಕರೆಂಟ್ ಹೋದ್ರೆ ಯಾರೂ ಫ್ರಿಜ್ ತೆಗೀಬಾರ್ದು ಅಂತ ಅಮ್ಮ ಬಾಗಿಲಿಗೇ ಚೀಟಿ ಅಂಟಿಸಿದ್ದಾರೆ. ನಿಮ್ಮೂರಲ್ಲಿ ದಿನಾ ಗಂಟೆಗಟ್ಟಲೆ ಕರೆಂಟ್ ಹೋಗೋದಾದ್ರೆ 8 ವಾರಕ್ಕೊಂದು ಡ್ರಿಪ್ಪೇ ವಾಸಿ ಅನ್ನಿಸಬಹುದು, ಇದನ್ನೂ ಡಾಕ್ಟರಿಗೆ ಹೇಳಿ.

ಇನ್‌ಫ್ಲಿಕ್ಸಿಮ್ಯಾಬ್ ಒಂಟಿಯಾಗಿ ಕೊಡೋದಾ, ಅಜಥಯೋಪ್ರಿನ್ ಜೊತೆ ಸೇರಿಸಿ ಕೊಡೋದಾ ಅನ್ನೋ ಪ್ರಶ್ನೆಗೆ ಸಾನಿಕ್ ಅನ್ನೋ ಸ್ಟಡಿ 2010ರಲ್ಲಿ ಒಂದು ಉತ್ತರ ಕೊಟ್ಟಿದೆ. 26 ವಾರಕ್ಕೆ ಸ್ಟೀರಾಯ್ಡ್ ಇಲ್ಲದೇ ಹತೋಟಿಗೆ ಬಂದೋರು ಎರಡೂ ಸೇರಿಸಿದಾಗ ಸುಮಾರು 57%, ಇನ್‌ಫ್ಲಿಕ್ಸಿಮ್ಯಾಬ್ ಒಂದೇ ಕೊಟ್ಟಾಗ 44%, ಅಜಥಯೋಪ್ರಿನ್ ಒಂದೇ ಕೊಟ್ಟಾಗ 30%. ಹಾಗಂತ ಎಲ್ರಿಗೂ ಎರಡೂ ಬೇಕು ಅಂತಲ್ಲ, ಎರಡು ಸೇರಿದ್ರೆ ಸೋಂಕಿನ ಭಯ ಹೆಚ್ಚು, ಹರೆಯದ ಗಂಡುಮಕ್ಕಳಲ್ಲಿ ಬಹಳ ಅಪರೂಪಕ್ಕೆ ಒಂದು ಥರದ ಲಿಂಫೋಮಾ (ಬಿಳಿ ರಕ್ತಕಣದ ಕ್ಯಾನ್ಸರ್) ಕೂಡ ಬಂದಿದೆ, ಇದನ್ನ ಡಾಕ್ಟರ್ ಹತ್ರ ಬಿಚ್ಚಿ ಮಾತಾಡ್ಬೇಕು. ಮೊದಲು ಸಣ್ಣ ಔಷಧಿ ನೋಡಣ, ಆಗ್ದಿದ್ರೆ ಬಯೋಲಾಜಿಕ್ ಅನ್ನೋ ಹಳೇ ಕ್ರಮ ಈಗ ಬದಲಾಗ್ತಿದೆ. ಬ್ರಿಟನ್ನಿನ ಪ್ರೊಫೈಲ್ ಸ್ಟಡಿ 2024ರಲ್ಲಿ ಬಂತು, ಹೊಸದಾಗಿ ಕಾಯಿಲೆ ಗೊತ್ತಾದೋರಿಗೆ ಶುರುವಿನಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ಜೊತೆ ಇಮ್ಯುನೋಮಾಡ್ಯುಲೇಟರ್ (ಅಜಥಯೋಪ್ರಿನ್ ಥರದ ಔಷಧಿ) ಕೊಟ್ಟಾಗ ಒಂದು ವರ್ಷದ ಹತ್ರ 79% ಜನ ಸ್ಟೀರಾಯ್ಡೂ ಆಪರೇಷನ್ನೂ ಇಲ್ಲದೇ ಹತೋಟೀಲಿದ್ರು, ಮೆಟ್ಟಿಲು ಮೆಟ್ಟಿಲಾಗಿ ಏರಿದೋರಲ್ಲಿ 15% ಮಾತ್ರ. ಇದನ್ನ ಓದಿದ ದಿನ ನನಗೆ ನಿದ್ದೆ ಬರ್ಲಿಲ್ಲ, ನಾನು ಕಳ್ಕೊಂಡ ವರ್ಷಗಳು ನೆನಪಾದ್ವು. ಈಗಷ್ಟೇ ಗೊತ್ತಾದೋರು ದಯವಿಟ್ಟು ಈ ಪ್ರಶ್ನೆ ಕೇಳಿ, ದುಡ್ಡಿನ ಕಾರಣಕ್ಕೆ ಆಗ್ಲಿಲ್ಲ ಅಂದ್ರೂ ಗೊತ್ತಿದ್ದು ತೀರ್ಮಾನ ಮಾಡಿದ ಹಾಗಾಗುತ್ತೆ.

ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮ್ಯುಮ್ಯಾಬ್ ಎರಡೂ ಉರಿ ಹತ್ತಿಸೋ ಪ್ರೋಟೀನಾದ ಟಿಎನ್‌ಎಫ್ ತಡೆಯೋ ಔಷಧಿ, ಶುರು ಮಾಡೋ ಮುಂಚೆ ಎದೆ ಎಕ್ಸ್‌ರೇ, ಟಿಬಿ ಪತ್ತೆಗೆ ಮಾಂಟೂ ಅಥವಾ ಇಗ್ರಾ ಟೆಸ್ಟ್, ಹೆಪಟೈಟಿಸ್ ಬಿ ಟೆಸ್ಟ್ ಆಗ್ಲೇಬೇಕು, ಒಳಗೆ ಮಲಗಿರೋ ಟಿಬಿ ಏಳಬಹುದು. ಟಿಬಿ ಭಯ ಜಾಸ್ತಿ ಇರೋರಿಗೆ, ವಯಸ್ಸಾದೋರಿಗೆ ವೆಡೋಲಿಜುಮ್ಯಾಬ್ ಒಳ್ಳೇ ಆಯ್ಕೆ, ಹೆಚ್ಚಾಗಿ ಕರುಳಿನ ಮೇಲಷ್ಟೇ ಕೆಲಸ ಮಾಡುತ್ತೆ, ಆದ್ರೆ ನಿಧಾನ. ಉಸ್ಟೆಕಿನುಮ್ಯಾಬ್ ಮೊದಲ ಡೋಸ್ ಡ್ರಿಪ್, ಆಮೇಲೆ ಸಾಮಾನ್ಯವಾಗಿ 8 ವಾರಕ್ಕೊಂದು ಚರ್ಮದಡಿ ಇಂಜೆಕ್ಷನ್, ಅಡಲಿಮ್ಯುಮ್ಯಾಬ್ ಜೊತೆ ನೇರವಾಗಿ ಹೋಲಿಸಿ ನೋಡಿದಾಗ ಒಂದು ವರ್ಷಕ್ಕೆ ಹೇಳಿಕೊಳ್ಳೋ ವ್ಯತ್ಯಾಸ ಸಿಗ್ಲಿಲ್ಲ. ಉಪಾಡಾಸಿಟಿನಿಬ್ ದಿನಾ ನುಂಗೋ ಮಾತ್ರೆ, ಅಮೆರಿಕದಲ್ಲಿ 2023ರಲ್ಲಿ ಕ್ರೋನ್ಸ್‌ಗೆ ಒಪ್ಪಿಗೆ ಸಿಕ್ಕಿದ್ದು, ಬೇಗ ಕೆಲಸ ಮಾಡುತ್ತೆ, ಆದ್ರೆ ಸರ್ಪಸುತ್ತು, ಟಿಬಿ ಭಯ ಇದೆ, ಬಸುರಲ್ಲಿ ಬೇಡ. ಅದೇ ಗುಂಪಿನ ಟೊಫಾಸಿಟಿನಿಬ್ ಕೊಲೈಟಿಸ್‌ಗೆ ಬಳಸೋದು, ಅಗ್ಗ ಅಂತ ಕ್ರೋನ್ಸ್‌ಗೂ ನಡೆಯುತ್ತೆ ಅಂದ್ಕೋಬೇಡಿ.

ಆಪರೇಷನ್ ಅಂದ್ರೆ ಸೋಲು ಅಂತ ನಮ್ಮ ಮನೇಲೂ ಅಂದ್ಕೊಂಡಿದ್ರು. ಸಣ್ಣ ಕರುಳಿನ ಕೊನೇಲಿ 40 ಸೆಂಟಿಮೀಟರಿಗಿಂತ ಕಡಿಮೆ ಉದ್ದಕ್ಕೆ ಮಾತ್ರ ಕಾಯಿಲೆ ಇದ್ದೋರಲ್ಲಿ, ಕೀಹೋಲ್ ಆಪರೇಷನ್ನೂ ಇನ್‌ಫ್ಲಿಕ್ಸಿಮ್ಯಾಬೂ ಹೋಲಿಸಿದ ಸ್ಟಡಿ 2017ರಲ್ಲಿ ಬಂತು, ಒಂದು ವರ್ಷಕ್ಕೆ ಬದುಕಿನ ಗುಣಮಟ್ಟ ಎರಡರಲ್ಲೂ ಹೆಚ್ಚೂಕಡಿಮೆ ಒಂದೇ. ಬಯೋಲಾಜಿಕ್ ಖರ್ಚು ಭರಿಸೋಕಾಗ್ದೇ ಇರೋರು ಇದನ್ನ ಮೊದಲೇ ಯೋಚನೆ ಮಾಡ್ಬಹುದು.

ಊಟ

ಊಟದಲ್ಲಿ ಉರಿ ಆರಿಸೋ ಶಕ್ತಿ ಇದೆ ಅಂತ ಗಟ್ಟಿಯಾಗಿ ತೋರಿಸಿರೋದು ಕೆಲವಕ್ಕೆ ಮಾತ್ರ. ಒಂದು, 6ರಿಂದ 8 ವಾರ ಬೇರೇನೂ ತಿನ್ನದೇ ಬರೀ ಪೌಷ್ಟಿಕ ಫಾರ್ಮುಲಾ ಕುಡಿಯೋದು. ಮಕ್ಕಳಲ್ಲಿ ಇದು ಸ್ಟೀರಾಯ್ಡಿನಷ್ಟೇ ಕೆಲಸ ಮಾಡುತ್ತೆ, ಬೆಳವಣಿಗೆಗೂ ತೊಂದರೆ ಇಲ್ಲ, ಹಾಗಾಗಿ ಮಕ್ಕಳಿಗೆ ಕ್ರೋನ್ಸ್ ಬಂದ್ರೆ ಮೊದಲು ಇದನ್ನೇ ಕೇಳಿ. ದೊಡ್ಡೋರಿಗೆ ನಾಲಿಗೆ ಒಪ್ಪಲ್ಲ, ನಾನು 11 ದಿನಕ್ಕೆ ಬಿಟ್ಟೆ. ಇನ್ನೊಂದು ಕ್ರೋನ್ಸ್ ಎಕ್ಸ್‌ಕ್ಲೂಷನ್ ಡಯಟ್, ಅರ್ಧ ಕ್ಯಾಲರಿ ಫಾರ್ಮುಲಾದಿಂದ, ಅರ್ಧ ಮನೆ ಊಟದಿಂದ: ಚಿಕನ್, ಮೊಟ್ಟೆ, ಅಕ್ಕಿ, ಆಲೂಗಡ್ಡೆ, ಬಾಳೆಹಣ್ಣು, ಸೇಬು. ಗೋಧಿ, ಹಾಲು, ಪ್ಯಾಕೆಟ್ ತಿಂಡಿ ಇಲ್ಲ. ಇದು ಸ್ವಲ್ಪ ನಿಭಾಯಿಸಬಹುದು, ಶುದ್ಧ ಸಸ್ಯಾಹಾರಿಗಳಿಗೆ ಮಾತ್ರ ಪ್ರೋಟೀನ್ ಹೊಂದಿಸೋದು ಕಷ್ಟ, ಡಯಟೀಷಿಯನ್ ಇಲ್ಲದೇ ಶುರು ಮಾಡ್ಬೇಡಿ.

ಸ್ಪೆಸಿಫಿಕ್ ಕಾರ್ಬೋಹೈಡ್ರೇಟ್ ಡಯಟ್ ಅಂತ ಅನ್ನ ರೊಟ್ಟಿ ಎಲ್ಲಾ ಬಿಡಿಸೋ ಕಠಿಣ ಪಥ್ಯ ಇದೆ. ಅದನ್ನ ಮೆಡಿಟರೇನಿಯನ್ ಊಟದ (ತರಕಾರಿ, ಹಣ್ಣು, ಮೀನು, ಆಲಿವ್ ಎಣ್ಣೆ ಹೆಚ್ಚಿರೋದು) ಜೊತೆ 2021ರಲ್ಲಿ ಹೋಲಿಸಿದಾಗ 6 ವಾರಕ್ಕೆ ಆರಾಮ ಸಿಕ್ಕೋರು ಎರಡರಲ್ಲೂ ಹತ್ತತ್ರ ಒಂದೇ, ಸುಮಾರು 45%. ಹಾಗಿದ್ಮೇಲೆ ನಮ್ಮಂಥ ಅನ್ನ ಮುದ್ದೆ ಉಣ್ಣೋರು ಅದಕ್ಕೆ ಯಾಕೆ ಒದ್ದಾಡ್ಬೇಕು ಅನ್ನೋದು ನನ್ನ ಅಭಿಪ್ರಾಯ. ಲೋ ಫಾಡ್‌ಮ್ಯಾಪ್ ಅನ್ನೋದು ಕರುಳಲ್ಲಿ ಹುಳಿತು ಗ್ಯಾಸ್ ಮಾಡೋ ಪದಾರ್ಥ ಕಡಿಮೆ ಮಾಡೋ ಪಥ್ಯ, ಮೂರನೇ ಕೆಲಸದ್ದು, ಗ್ಯಾಸ್ ಉಬ್ಬರ ಇಳಿಸುತ್ತೆ, ಉರಿ ಮುಟ್ಟಲ್ಲ. ಕಾಯಿಲೆ ಹತೋಟೀಲಿದ್ದೂ ಹೊಟ್ಟೆ ಉಬ್ಬರಿಸ್ತಿದ್ರೆ ಸ್ವಲ್ಪ ದಿನ ಈರುಳ್ಳಿ, ಬೆಳ್ಳುಳ್ಳಿ, ಕಾಳು ಕಡಿಮೆ ಮಾಡಿ ನೋಡಿ, ಆಮೇಲೆ ಒಂದೊಂದಾಗಿ ವಾಪಸ್ ತನ್ನಿ, ಜೀವನಪೂರ್ತಿ ಅಲ್ಲ.

ದಿನನಿತ್ಯದ ಊಟಕ್ಕೆ ನಾನು ಕೇಳ್ಕೊಳ್ಳೋ ಪ್ರಶ್ನೆ: ಕರುಳು ಎಲ್ಲಾದ್ರೂ ಕಿರಿದಾಗಿದೆಯಾ? ಸಿಟಿ ಅಥವಾ ಎಂಆರ್ ಎಂಟರೋಗ್ರಫಿ (ಸಣ್ಣ ಕರುಳಿನ ಸ್ಕ್ಯಾನ್) ರಿಪೋರ್ಟಲ್ಲಿ ಸ್ಟ್ರಿಕ್ಚರ್ ಅಂತ ಬರೆದಿದ್ರೆ ಬಾಳೆದಿಂಡು, ನುಗ್ಗೆಕಾಯಿ ಸಿಪ್ಪೆ, ಮೆಕ್ಕೆಜೋಳ, ಸೀಬೆ ಬೀಜ, ಕಿತ್ತಳೆ ತೊಳೆಯ ಸಿಪ್ಪೆ, ಹಸಿ ಕೋಸಂಬರಿ ಎಲ್ಲಾ ಅಡ್ಡ ಸಿಕ್ಕೊಳ್ಳೋ ಪದಾರ್ಥ. ಸ್ಟ್ರಿಕ್ಚರ್ ಇಲ್ಲ, ಕಾಯಿಲೆ ಶಾಂತವಾಗಿದೆ ಅಂದ್ರೆ ತರಕಾರಿ ಹಣ್ಣು ಬಿಡೋಕೆ ಕಾರಣವೇ ಇಲ್ಲ, ಹೆದರಿ ಬಿಟ್ರೆ ಸೊರಗೋದು ನಾವೇ.

ಇಲ್ಲಿ ನಮ್ಮ ಅಡುಗೆ ಎಷ್ಟು ಸಹಾಯ ಮಾಡುತ್ತೆ ಅಂದ್ರೆ, ಅದೇ ಕಾಳನ್ನ ಎರಡು ಥರ ಮಾಡಬಹುದು. ಮುದ್ದೇಲಿ ರಾಗಿ ಹೊಟ್ಟಿನ ಸಮೇತ ಹೋಗುತ್ತೆ. ಅದೇ ರಾಗೀನ ಅಮ್ಮ ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ರುಬ್ಬಿ, ತೆಳು ಪಂಚೆ ಬಟ್ಟೇಲಿ ಹಾಕಿ ಹಿಂಡ್ತಾರೆ, ಹಾಲು ಕೆಳಗಿಳಿದು ಬಟ್ಟೇಲಿ ಕೆಂಪು ಚರಟ ಉಳಿಯುತ್ತೆ, ಇನ್ನೊಂದ್ಸಲ ನೀರು ಹಾಕಿ ಹಿಂಡಿ ಆ ಹಾಲನ್ನ ಸಣ್ಣ ಉರೀಲಿ ಕೈಬಿಡದೇ ತಿರುವಿ ಮಣ್ಣಿ ಮಾಡ್ತಾರೆ. ಕಾಯಿಲೆ ಕೆರಳಿದ ದಿನ ನನ್ನ ಹೊಟ್ಟೆ ತಡ್ಕೊಳ್ಳೋದು ಅದೊಂದನ್ನೇ. ಅವರೆಕಾಯಿ ಕಾಲದಲ್ಲೂ ಅಷ್ಟೇ, ಇಡೀ ಕಾಳಿನ ಸಾರು ನನಗೆ ಆಗಲ್ಲ, ನೆನೆಸಿ ಸಿಪ್ಪೆ ಹಿತುಕಿದ ಬೇಳೆ ಚೆನ್ನಾಗಿ ಬೇಯಿಸಿದ್ರೆ ಆಗುತ್ತೆ. ಹೆಸರುಬೇಳೆ ತೊವ್ವೆ, ಮೆತ್ತಗಿನ ಅನ್ನ, ಇಡ್ಲಿ, ಸೋರೆಕಾಯಿ, ಬೂದುಗುಂಬಳ, ಬೀಜ ತೆಗೆದ ಪಡವಲಕಾಯಿ ಕೆರಳಿದಾಗ ನಡೆಯೋವು. ಹಾಲು ಆಗದೇ ಇರೋರಿಗೆ ಮಜ್ಜಿಗೆ ಎಷ್ಟೋ ಸಲ ಆಗುತ್ತೆ, ಹಾಲಿನ ಸಕ್ಕರೆ ಅದರಲ್ಲಿ ಸ್ವಲ್ಪ ಕಡಿಮೆ ಇರುತ್ತೆ, ಎರಡು ವಾರ ಹಾಲು ಬಿಟ್ಟು ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ವಾಪಸ್ ಕುಡೀರಿ, ಸ್ಟೀರಾಯ್ಡ್ ತಗೊಂಡ ಮೂಳೆಗೆ ಕ್ಯಾಲ್ಸಿಯಂ ಬೇಕು. ನಂಜು, ಉಷ್ಣ ಅಂತ ಮನೆಯೋರು ಹೇಳಿದ್ದನ್ನ ನಾನು ಜಗಳ ಮಾಡಿ ತಳ್ಳಲ್ಲ, ಒಂದು ನೋಟ್‌ಬುಕ್ಕಲ್ಲಿ ತಿಂದಿದ್ದು, ಆಮೇಲೆ ಆಗಿದ್ದು ಬರೀತೀನಿ, ಮೂರು ಸಲ ಒಂದೇ ಥರ ತೊಂದರೆ ಕೊಟ್ರೆ ಬಿಡ್ತೀನಿ. ಬದನೆಕಾಯಿ ನನಗೆ ಒಂದು ಸಲವೂ ಏನೂ ಮಾಡಿಲ್ಲ.

ಸಣ್ಣ ಕರುಳಿನ ಕೊನೆ ಹಾಳಾಗಿದ್ರೆ ಏನೇ ತಿಂದ್ರೂ ಬಿ12 ಒಳಗೆ ಹೋಗಲ್ಲ, ಇಂಜೆಕ್ಷನ್ನೇ ಬೇಕಾಗಬಹುದು. ರಕ್ತಹೀನತೆ ಇದ್ದು ಕಾಯಿಲೆ ಕೆರಳಿರುವಾಗ ಕಬ್ಬಿಣದ ಮಾತ್ರೆಗಿಂತ ಡ್ರಿಪ್ ಮೂಲಕ ಕೊಡೋದು ಮೈಗೆ ಹತ್ತುತ್ತೆ. ಸಿಗರೇಟು ಬೀಡಿ ಕ್ರೋನ್ಸನ್ನ ನೇರವಾಗಿ ಕೆರಳಿಸುತ್ತೆ, ಯಾವ ಪಥ್ಯಕ್ಕಿಂತ ಮೊದಲು ಅದನ್ನ ಬಿಡಿ. ಹಲ್ಲುನೋವಿಗೆ ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಕೊಡಿ ಅಂತ ಮೆಡಿಕಲ್ ಶಾಪಲ್ಲಿ ಬಾಯಿಬಿಟ್ಟು ಹೇಳಿ.

ಇಷ್ಟೆಲ್ಲಾ ಆರಿಸ್ಕೊಂಡ ಮೇಲೆ ಅದು ಕೆಲಸ ಮಾಡ್ತಿದೆಯಾ ಅಂತ ಹೊಟ್ಟೆ ಕೇಳಿ ತೀರ್ಮಾನ ಮಾಡೋಕಾಗಲ್ಲ, ಏನೂ ಅನ್ನಿಸದೇ ಇದ್ದಾಗ್ಲೂ ಒಳಗೆ ಉರಿ ಇರಬಹುದು. ಮಲದಲ್ಲಿ ನೋಡೋ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್, ರಕ್ತದ ಸಿಆರ್‌ಪಿ ಕೆಲವು ತಿಂಗಳಿಗೊಮ್ಮೆ ಮಾಡಿಸಿ. ಕ್ಯಾಲ್‌ಪ್ರೊಟೆಕ್ಟಿನ್ 250 ದಾಟಿ ಮೇಲೇ ನಿಂತಿದ್ರೆ ನಾನು ಆರಾಮಾಗಿದೀನಿ ಅಂತ ಸುಮ್ಮನಿರ್ಬೇಡಿ, ಸ್ಕೋಪಿ ಬೇಕಾ, ಔಷಧಿ ಬದಲಾಯಿಸ್ಬೇಕಾ ಅಂತ ಕೇಳಿ. ಆದ್ರೆ ಹೊಟ್ಟೆ ಉಬ್ಬಿ ಬಿಗಿದು, ಮೇಲಿಂದ ಮೇಲೆ ವಾಂತಿಯಾಗಿ, ಗಾಳೀನೂ ಹೋಗ್ತಿಲ್ಲ ಅಂದ್ರೆ, ಅಥವಾ ಗುದದ ಹತ್ರ ಬಾವು ಬಂದು ಚಳಿಜ್ವರ ಬಂದ್ರೆ ಗಂಜಿ ಮಣ್ಣಿ ಅಂತ ನೋಡ್ತಾ ಕೂರಬೇಡಿ, ಭೇದಿ ನಿಲ್ಲೋ ಮಾತ್ರೇನೂ ನುಂಗ್ಬೇಡಿ, ಅದೇ ರಾತ್ರಿ ಎಮರ್ಜೆನ್ಸಿಗೆ ಹೋಗಿ. ಹೋಗುವಾಗ ಕೊನೇ ಸ್ಕ್ಯಾನ್ ರಿಪೋರ್ಟು, ಈಗ ತಗೊಳ್ತಿರೋ ಔಷಧಿ ಹೆಸರು, ಕೊನೇ ಇಂಜೆಕ್ಷನ್ ತಾರೀಖು ಬರೆದ ಹಾಳೆ ಕೈಲಿರ್ಲಿ, ನಂದು ಫೈಲಿನ ಮೊದಲ ಪುಟದಲ್ಲೇ ಪಿನ್ ಮಾಡಿಟ್ಟಿದೀನಿ, ತಮ್ಮನಿಗೂ ಅದು ಎಲ್ಲಿದೆ ಅಂತ ಗೊತ್ತು.